ಶೆಡ್ಡಿನ ದೀಪ: ಕ್ಯಾಂಡಲ್‌ನಿಂದ ಲ್ಯೂಮೆನ್‌ವರೆಗೆ

"ತೋಟದ ಶೆಡ್ಡಿಗೆ ಸೋಲಾರ್ ಹಾಕ್ಸೋಣ ಅಂತಿದೀನಿ, ಎಷ್ಟು ವ್ಯಾಟಿನ ಪ್ಯಾನೆಲ್ ತಗೊಳ್ಳಲಿ ಮಾರಾಯ?" ಅಂತ ಕೇಳುವವರು ನಮ್ಮ ಕಡೆ ಬಹಳ. ನಾನು ತಿರುಗಿಸಿ ಕೇಳುವುದು ಒಂದೇ ಪ್ರಶ್ನೆ - ಪ್ಯಾನೆಲ್ ಆಮೇಲೆ ನೋಡೋಣ, ಮೊದಲು ದೀಪ ಯಾವುದು ಹೇಳಿ. ತಮಾಷೆಗೆ ಹೇಳ್ತಿದ್ದೇನೆ ಅಂದುಕೊಳ್ತಾರೆ. ಆದರೆ ಸೋಲಾರ್ ದೀಪದ ಚರಿತ್ರೆಯನ್ನ ಸ್ವಲ್ಪ ಹಿಂದಕ್ಕೆ ಹೋಗಿ ನೋಡಿದ್ರೆ ಒಂದು ವಿಷಯ ಸ್ಪಷ್ಟ ಆಗುತ್ತೆ. ಬಡವರ ಮನೆಗೆ, ಕೊಟ್ಟಿಗೆಗೆ, ತೋಟದ ಶೆಡ್ಡಿಗೆ ಸೂರ್ಯನ ಬೆಳಕು ರಾತ್ರಿ ಹೊತ್ತು ಸಿಗುವಂತಾದದ್ದು ಪ್ಯಾನೆಲ್ ಅಗ್ಗವಾಗಿದ್ದರಿಂದ ಮಾತ್ರ ಅಲ್ಲ. ದೀಪ ಮಿತವ್ಯಯಿ ಆಗಿದ್ದರಿಂದ. ಇದು ಪ್ಯಾನೆಲ್ಲಿನ ಕತೆಗಿಂತ ಹೆಚ್ಚಾಗಿ ಬಲ್ಬಿನ ಕತೆ.

ಮೊದಲು ಒಂದು ಪದದ ಬಗ್ಗೆ. ಈಗಲೂ ನಮ್ಮ ಹಳ್ಳಿ ಅಂಗಡಿಗಳಲ್ಲಿ "ನಲವತ್ತು ಕ್ಯಾಂಡಲ್ ಬಲ್ಬು ಕೊಡಿ" ಅನ್ನೋ ಮಾತು ಕೇಳಿಬರುತ್ತೆ. ಅಂಗಡಿಯವರು ಕೊಡೋದು ನಲವತ್ತು ವ್ಯಾಟಿನ ಬಲ್ಬು. ಕ್ಯಾಂಡಲ್ ಅಂದ್ರೆ ಬೆಳಕಿನ ಅಳತೆ, ವ್ಯಾಟ್ ಅಂದ್ರೆ ವಿದ್ಯುತ್ತಿನ ಖರ್ಚಿನ ಅಳತೆ. ವಿದ್ಯುದ್ದೀಪ ಬಂದ ಹೊಸದರಲ್ಲಿ ಬಲ್ಬುಗಳನ್ನ ಕ್ಯಾಂಡಲ್ ಪವರ್ ಲೆಕ್ಕದಲ್ಲೇ ಮಾರುತ್ತಿದ್ದರು, ಅಂದ್ರೆ ಎಷ್ಟು ಮೇಣದಬತ್ತಿಗೆ ಸಮ ಅಂತ. ಆಮೇಲೆ ಡಬ್ಬಿಯ ಮೇಲೆ ವ್ಯಾಟ್ ಬಂತು, ಬಾಯಲ್ಲಿ ಮಾತ್ರ ಕ್ಯಾಂಡಲ್ ಉಳೀತು. ಹೀಗೆ ಬೆಳಕು ಮತ್ತು ಖರ್ಚು ಎರಡೂ ಒಂದೇ ಅನ್ನೋ ಭಾವನೆ ನಮ್ಮ ತಲೇಲಿ ಕೂತುಬಿಡ್ತು. ಶೆಡ್ಡಿನ ದೀಪ ಆರಿಸುವಾಗ ಮೊದಲು ಬಿಡಬೇಕಾದ್ದು ಈ ಭಾವನೆಯನ್ನೇ. ಈಗಿನ ಅಳತೆ ಲ್ಯೂಮೆನ್. ಒಂದು ವ್ಯಾಟ್ ಖರ್ಚಿಗೆ ಎಷ್ಟು ಲ್ಯೂಮೆನ್ ಬೆಳಕು ಬರುತ್ತೆ? ಇಡೀ ಚರಿತ್ರೆ ಇರೋದು ಈ ಒಂದು ಪ್ರಶ್ನೆಯಲ್ಲಿ.

ಬುಡ್ಡಿ, ಲಾಟೀನು, ಗ್ಯಾಸ್‌ಲೈಟು

ಕರೆಂಟಿಗೆ ಮುಂಚೆ ಕೊಟ್ಟಿಗೆಗೆ ಹೋಗೋದು ಅಂದ್ರೆ ಕೈಯಲ್ಲಿ ಲಾಟೀನು. ಅದೂ ಇಲ್ಲದವರ ಮನೇಲಿ ಚಿಮಣಿ ಬುಡ್ಡಿ. ಸೀಮೆಎಣ್ಣೆ ದೀಪ ತುಂಬಾ ಪುರಾತನವಾದದ್ದು ಅಂತ ನಮಗೆ ಅನ್ನಿಸುತ್ತೆ, ಆದರೆ ಅದಕ್ಕೆ ಇನ್ನೂ ಇನ್ನೂರು ವರ್ಷವೂ ಆಗಿಲ್ಲ. 1846ರಲ್ಲಿ ಕೆನಡಾದ ಅಬ್ರಹಾಂ ಗೆಸ್ನರ್ ಕಲ್ಲಿದ್ದಲಿನಿಂದ ಈ ಎಣ್ಣೆ ಇಳಿಸಿ ತೋರಿಸಿದ. 1853ರಲ್ಲಿ ಈಗಿನ ಉಕ್ರೇನಿನ ಲ್ವಿವ್ ಪಟ್ಟಣದ ಆಸ್ಪತ್ರೆಯಲ್ಲಿ ಇಗ್ನಾಸಿ ಲುಕಾಸಿಯೆವಿಚ್ ಅನ್ನೋ ಔಷಧಿ ತಯಾರಕ ಮಾಡಿದ ಸೀಮೆಎಣ್ಣೆ ದೀಪದ ಬೆಳಕಲ್ಲಿ ರಾತ್ರಿ ಆಪರೇಷನ್ ನಡೀತು. ಅದಕ್ಕೂ ಹಿಂದೆ ನಮ್ಮಲ್ಲಿ ಉರಿಯುತ್ತಿದ್ದದ್ದು ಹರಳೆಣ್ಣೆ, ಹೊಂಗೆ ಎಣ್ಣೆ.

ಲಾಟೀನು ಎಷ್ಟು ದುಂದುಗಾರ ಅನ್ನೋದಕ್ಕೆ ಒಂದು ಲೆಕ್ಕ ನೋಡಿ. ಒಂದು ಲೀಟರ್ ಸೀಮೆಎಣ್ಣೆಯಲ್ಲಿ ಸುಮಾರು 10 ಯೂನಿಟ್‌ನಷ್ಟು ಶಕ್ತಿ ಇದೆ. ಲಾಟೀನು ಗಂಟೆಗೆ 25 ಮಿಲಿಲೀಟರ್ ಎಣ್ಣೆ ಕುಡೀತು ಅಂದ್ರೆ ಅದು 250 ವ್ಯಾಟಿನ ಉರಿ. ಅಷ್ಟು ಉರಿದು ಕೊಡೋ ಬೆಳಕು ಹೆಚ್ಚು ಕಮ್ಮಿ ಇವತ್ತಿನ ಅರ್ಧ ವ್ಯಾಟಿನ ಎಲ್‌ಇಡಿಯಷ್ಟು! ಉಳಿದದ್ದೆಲ್ಲ ಶಾಖ, ಹೊಗೆ, ಮಸಿ. ಮೇಲಿಂದ ಹುಲ್ಲಿನ ಅಟ್ಟದ ಕೆಳಗೆ ಬೆಂಕಿ ಹಿಡಿದುಕೊಂಡು ಓಡಾಡೋ ಭಯ. ದನ ಕರು ಹಾಕುವ ರಾತ್ರಿ ಕೊಟ್ಟಿಗೇಲಿ ಕೂತವರಿಗೆ ಗೊತ್ತು - ಒಂದು ಕೈ ಲಾಟೀನಿಗೇ ಮೀಸಲು, ಇನ್ನೊಂದೇ ಕೈಯಲ್ಲಿ ಕೆಲಸ.

ಗ್ಯಾಸ್‌ಲೈಟು ಈ ಕತೆಯ ಮೊದಲ ದೊಡ್ಡ ಜಿಗಿತ. ಆಸ್ಟ್ರಿಯಾದ ಆವರ್ ಫಾನ್ ವೆಲ್ಸ್‌ಬಾಖ್ 1885ರಲ್ಲಿ ಮ್ಯಾಂಟಲ್ ಕಂಡುಹಿಡಿದ. 1891ರ ಹೊತ್ತಿಗೆ ಅದಕ್ಕೆ ಥೋರಿಯಂ ಜೊತೆ ನೂರಕ್ಕೆ ಒಂದು ಪಾಲು ಸೀರಿಯಂ ಬೆರೆಸಿದ ಹದ ಸಿಕ್ಕಿತು. ಬೆಂಕಿ ತಾನು ಬೆಳಗೋ ಬದಲು ಬಲೆಯನ್ನ ಕಾಯಿಸಿ ಅದರಿಂದ ಬೆಳಗಿಸೋದು ಇದರ ಗುಟ್ಟು. ಅಂದ್ಹಾಗೆ, ಈ ಮ್ಯಾಂಟಲ್ಲಿಗೆ ಬೇಕಾದ ಥೋರಿಯಂ ಇರುವ ಮೊನಜೈಟ್ ಮರಳು 1909ರಲ್ಲಿ ಸಿಕ್ಕಿದ್ದು ನಮ್ಮ ಪಕ್ಕದ ತಿರುವಾಂಕೂರಿನ ಕಡಲತೀರದಲ್ಲಿ. ಮರುವರ್ಷದ ಆಸುಪಾಸಿನಲ್ಲಿ ಬರ್ಲಿನ್ನಿನ ಮ್ಯಾಕ್ಸ್ ಗ್ರೇಟ್ಜ್ ಎಂಬಾತನ ಕಂಪನಿ ಪಂಪು ಹೊಡೆದು ಉರಿಸುವ ಸೀಮೆಎಣ್ಣೆ ದೀಪ ತಂತು. ಪೆಟ್ರೋಲಿಯಂ ಜೊತೆ ಮ್ಯಾಕ್ಸ್ ಸೇರಿ ಪೆಟ್ರೋಮ್ಯಾಕ್ಸ್ ಆಯ್ತು. ಯಕ್ಷಗಾನಕ್ಕೆ, ಮದುವೆ ದಿಬ್ಬಣಕ್ಕೆ, ಅಡಿಕೆ ಸುಲಿಯೋ ಚಪ್ಪರಕ್ಕೆ ಅದೇ ಬೆಳಕು. ಮಲೆನಾಡಿನ ಸುಮಾರು ಮನೆಗಳಲ್ಲಿ ಗೋಬರ್ ಗ್ಯಾಸ್ ಬಂದ ಮೇಲೆ ಅದಕ್ಕೂ ಮ್ಯಾಂಟಲ್ ಕಟ್ಟಿ ದೀಪ ಉರಿಸಿದರು. ಆದರೂ ದಿನಾ ಸಂಜೆ ಶೆಡ್ಡಿಗೆ ಪೆಟ್ರೋಮ್ಯಾಕ್ಸ್ ಹಚ್ಚುವ ಶ್ರೀಮಂತಿಕೆ ಯಾರಿಗಿತ್ತು?

ತಂತಿ ಬಂತು, ಶೆಡ್ಡಿಗೆ ಬರಲಿಲ್ಲ

ವಿದ್ಯುತ್ತಿನ ವಿಷಯದಲ್ಲಿ ನಮ್ಮ ರಾಜ್ಯ ಹಿಂದೆ ಬಿದ್ದದ್ದೇನಲ್ಲ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. 1948ರಲ್ಲಿ ಜೋಗದ ವಿದ್ಯುದಾಗಾರ, ಅರವತ್ತರ ದಶಕದಲ್ಲಿ ಲಿಂಗನಮಕ್ಕಿ ಅಣೆಕಟ್ಟು, ಶರಾವತಿ ಯೋಜನೆ. ಇಡೀ ರಾಜ್ಯಕ್ಕೆ ಬೆಳಕು ಕೊಟ್ಟ ಹೊಳೆ ಅದು. ಆದರೆ ಅದೇ ಶರಾವತಿ ಹಿನ್ನೀರಿನ ಅಂಚಿನ ಎಷ್ಟೋ ಊರು, ಒಂಟಿ ಮನೆಗಳಿಗೆ ದಶಕಗಳ ಕಾಲ ಕರೆಂಟು ಬರಲಿಲ್ಲ. ಮುಳುಗಡೆಯಲ್ಲಿ ನೆಲ ಕಳೆದುಕೊಂಡವರು ಕತ್ತಲೆಯಲ್ಲೇ ಕೂತು ದೂರದ ಊರಿನ ದೀಪ ನೋಡಿದರು. ಮಲೆನಾಡಿನ ಚರಿತ್ರೆಯಲ್ಲಿ ಇಷ್ಟು ಕಹಿಯಾದ ಸಂಗತಿ ಬೇರೆ ಕಮ್ಮಿ.

ಭಾಗ್ಯಜ್ಯೋತಿ ಯೋಜನೆ ಬಂದು ಬಡವರ ಮನೆಗೊಂದು ಬಲ್ಬು ಅಂತ ಆಯ್ತು, ಅದು ದೊಡ್ಡ ವಿಷಯವೇ. ಆದರೆ ಅದು ಮನೆಗೆ. ಮನೆಯಿಂದ ಎರಡು ಫರ್ಲಾಂಗು ದೂರದ ತೋಟದ ಶೆಡ್ಡಿಗೆ, ಗುಡ್ಡದ ಮೇಲಿನ ಕೊಟ್ಟಿಗೆಗೆ ಕಂಬ ನೆಡಿಸಿ ತಂತಿ ಎಳೆಸೋದು ಯಾರ ಕೈಲಾಗುತ್ತೆ? ಒಂದು ದೀಪಕ್ಕೋಸ್ಕರ ನಾಲ್ಕು ಕಂಬ! ಹಾಗಾಗಿ ಊರಿಗೆ ಕರೆಂಟು ಬಂದು ಎಷ್ಟೋ ವರ್ಷವಾದರೂ ಶೆಡ್ಡಿನಲ್ಲಿ ಲಾಟೀನು ನೇತಾಡುತ್ತಲೇ ಇತ್ತು. ಕೆಲವರು ಹಳೇ ಕಾರಿನ ಬ್ಯಾಟರಿಗೆ ಹೆಡ್‌ಲೈಟ್ ಬಲ್ಬು ಸಿಕ್ಕಿಸಿ ನೋಡಿದರು. ಒಂದೆರಡು ರಾತ್ರಿಗೆ ಬ್ಯಾಟರಿ ಖಾಲಿ, ಮತ್ತೆ ಅದನ್ನ ಹೊತ್ತು ಪೇಟೆಗೆ ಹೋಗಿ ಚಾರ್ಜ್ ಮಾಡಿಸಬೇಕು. ತಪ್ಪು ಬ್ಯಾಟರಿಯದ್ದಲ್ಲ. ತಂತಿ ಕಾಯಿಸಿ ಬೆಳಕು ಮಾಡೋ ಬಲ್ಬು ಒಂದು ವ್ಯಾಟಿಗೆ ಕೊಡೋದೇ ಹತ್ತು ಹನ್ನೆರಡು ಲ್ಯೂಮೆನ್.

ಸೂರ್ಯ ಇದ್ದ, ದೀಪ ಇರಲಿಲ್ಲ

ಸೋಲಾರ್ ಸೆಲ್ ಹುಟ್ಟಿದ್ದು 1954ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಚಾಪಿನ್, ಫುಲ್ಲರ್, ಪಿಯರ್ಸನ್ ಅನ್ನೋ ಮೂವರು ಮಾಡಿದ ಆ ಸೆಲ್ ಬಿಸಿಲಿನ ನೂರಕ್ಕೆ ಆರು ಭಾಗವನ್ನ ವಿದ್ಯುತ್ ಮಾಡುತ್ತಿತ್ತು. 1958ರಲ್ಲಿ ಅದು ವ್ಯಾನ್‌ಗಾರ್ಡ್ ಉಪಗ್ರಹದ ಜೊತೆ ಆಕಾಶಕ್ಕೆ ಹೋಯ್ತು. ನೆಲದ ಮೇಲೆ ಅದನ್ನ ಬಳಸೋ ಯೋಚನೆಗೆ ಬಲ ಬಂದದ್ದು 1973ರ ಎಣ್ಣೆ ಬಿಕ್ಕಟ್ಟಿನ ನಂತರ. ಎಪ್ಪತ್ತರ ದಶಕದಲ್ಲಿ ಒಂದು ವ್ಯಾಟಿಗೆ ಹತ್ತಾರು ಡಾಲರ್ ಬೆಲೆ. ತೊಂಬತ್ತರ ದಶಕದ ನಡುವಿಗೆ ಅದು ನಾಲ್ಕೈದು ಡಾಲರಿಗೆ ಇಳಿದಿತ್ತು. ಅಷ್ಟರಲ್ಲಿ ಬೆಂಗಳೂರಿನಲ್ಲೇ ಟಾಟಾ ಬಿಪಿ ಸೋಲಾರ್ (1989ರಲ್ಲಿ ಶುರುವಾದದ್ದು) ಪ್ಯಾನೆಲ್ ತಯಾರಿಸುತ್ತಿತ್ತು.

ಈಗ ಆ ಕಾಲದ ಲೆಕ್ಕ ಹಾಕೋಣ. ಶೆಡ್ಡಿಗೆ 400 ಲ್ಯೂಮೆನ್ ಬೆಳಕು, ದಿನಕ್ಕೆ ನಾಲ್ಕು ಗಂಟೆ ಬೇಕು ಅಂತಿಟ್ಟುಕೊಳ್ಳಿ. ಹಳೇ ಬಲ್ಬಾದರೆ ಸುಮಾರು 33 ವ್ಯಾಟಿನದು ಬೇಕು. ಅದಕ್ಕೆ ಹೆಚ್ಚು ಕಮ್ಮಿ 50 ವ್ಯಾಟಿನ ಪ್ಯಾನೆಲ್. ವ್ಯಾಟಿಗೆ ಐದು ಡಾಲರ್, ಡಾಲರಿಗೆ 33 ರೂಪಾಯಿ ಹಿಡಿದರೂ ಪ್ಯಾನೆಲ್ ಒಂದಕ್ಕೇ ಎಂಟು ಸಾವಿರ ರೂಪಾಯಿ ದಾಟಿತು. ಬ್ಯಾಟರಿ ಬೇರೆ. 1995ರಲ್ಲಿ ಒಂದು ಶೆಡ್ಡಿನ ದೀಪಕ್ಕೆ ಇಷ್ಟು ಸುರಿಯುವ ರೈತ ಯಾರು? ಸೂರ್ಯ ಇದ್ದ, ಸೆಲ್ ಇತ್ತು, ತಕ್ಕ ದೀಪ ಇರಲಿಲ್ಲ.

ಆ ಜಾಗ ತುಂಬಿದ್ದು ಸಿಎಫ್‌ಎಲ್. ಟ್ಯೂಬ್‌ಲೈಟ್ 1938ರಿಂದಲೇ ಮಾರುಕಟ್ಟೆಯಲ್ಲಿತ್ತು. ಅದನ್ನ ಮಡಚಿ ಸುತ್ತಿ ಚಿಕ್ಕದು ಮಾಡೋದೇ ಕಷ್ಟವಾಗಿತ್ತು. 1976ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಎಡ್ವರ್ಡ್ ಹ್ಯಾಮರ್ ಸುರುಳಿ ಟ್ಯೂಬ್ ಮಾಡಿದ, ಆದರೆ ಕಾರ್ಖಾನೆಗೆ ಖರ್ಚು ಹೆಚ್ಚು ಅಂತ ಕಂಪನಿ ಅದನ್ನ ಮೂಲೆಗಿಟ್ಟಿತು. 1980ರಲ್ಲಿ ಫಿಲಿಪ್ಸ್ ತನ್ನದನ್ನ ಮಾರುಕಟ್ಟೆಗೆ ಬಿಟ್ಟಿತು. ಒಂದು ವ್ಯಾಟಿಗೆ 50 ಲ್ಯೂಮೆನ್ ಆಸುಪಾಸು. ಅಲ್ಲಿಗೆ ನಮ್ಮ ಶೆಡ್ಡಿಗೆ 8 ವ್ಯಾಟ್ ದೀಪ ಸಾಕಾಯ್ತು, 12 ವ್ಯಾಟ್ ಪ್ಯಾನೆಲ್ ಸಾಕಾಯ್ತು. ಪ್ಯಾನೆಲ್ ಕಂಪನಿ ಒಂದು ರೂಪಾಯಿ ಇಳಿಸದಿದ್ದರೂ ಎಂಟು ಸಾವಿರದ ಖರ್ಚು ಎರಡು ಸಾವಿರಕ್ಕೆ ಬಂತು!

ಕರ್ನಾಟಕದಲ್ಲಿ ಸೋಲಾರ್ ಮನೆದೀಪ ಹರಡಿದ್ದು ಈ ಸಂಧಿಯಲ್ಲೇ. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಸೆಲ್ಕೋ ಸಂಸ್ಥೆ ಕಟ್ಟಿದರು. ದೀಪ ದಾನ ಕೊಡೋದಲ್ಲ, ಮಾರೋದು, ಆಮೇಲೆ ರಿಪೇರಿಗೂ ಬರೋದು ಅನ್ನೋದು ಅವರ ದಾರಿ. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಬ್ಯಾಂಕು, ಸಿಂಡಿಕೇಟ್ ಬ್ಯಾಂಕು (2020ರಲ್ಲಿ ಇದು ಕೆನರಾದೊಳಗೆ ಸೇರಿಹೋಯ್ತು) ಕಮ್ಮಿ ಬಡ್ಡಿಯಲ್ಲಿ ಸೋಲಾರ್ ಸಾಲ ಕೊಡಲು ಶುರು ಮಾಡಿದವು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಸಾಲ, ಕಂತು, ರಿಪೇರಿ ಎಲ್ಲಾ ಮುಖ್ಯವೇ. ಆದರೆ ಆ ಸಾಲ ಒಬ್ಬ ರೈತ ತೀರಿಸಬಹುದಾದಷ್ಟು ಚಿಕ್ಕದಾಗಿ ಉಳಿಯೋದಕ್ಕೆ ಏಳು, ಒಂಬತ್ತು ವ್ಯಾಟಿನ ಆ ಮಡಚಿದ ಟ್ಯೂಬು ಬೇಕೇ ಬೇಕಿತ್ತು.

ಸಿಎಫ್‌ಎಲ್‌ಗೆ ಒಂದು ಶಾಪವೂ ಇತ್ತು. 12 ವೋಲ್ಟ್ ಡಿಸಿಯನ್ನ ಟ್ಯೂಬಿಗೆ ಬೇಕಾದ ಹೆಚ್ಚಿನ ವೋಲ್ಟೇಜಿನ ಏಸಿ ಮಾಡಲು ದೀಪದೊಳಗೆ ಒಂದು ಪುಟ್ಟ ಇನ್ವರ್ಟರ್ ಬೇಕು. ನಮ್ಮವರು ಅದಕ್ಕೂ ಚೋಕ್ ಅಂತಲೇ ಅಂದರು. ಅದು ಕಳಪೆಯಾದರೆ ಟ್ಯೂಬಿನ ತುದಿ ಬೇಗ ಕಪ್ಪಾಗುತ್ತೆ. ಸಬ್ಸಿಡಿಯಲ್ಲಿ ಬಂದ ಎಷ್ಟೋ ಸೋಲಾರ್ ಲಾಟೀನುಗಳು ಹೀಗೇ ಅಟ್ಟ ಸೇರಿದವು. ಪ್ಯಾನೆಲ್ ಸರಿಯಾಗೇ ಇತ್ತು, ಬಿಸಿಲೂ ಇತ್ತು, ಸತ್ತದ್ದು ದೀಪ. "ಸೋಲಾರ್ ಎಲ್ಲಾ ನಂಬೋ ಹಾಗಿಲ್ಲ" ಅನ್ನೋ ಮಾತು ಹುಟ್ಟಿದ್ದು ಇಲ್ಲಿಂದಲೇ ಇರಬೇಕು. ಮೇಲಿಂದ ಟ್ಯೂಬಿನೊಳಗೆ ಪಾದರಸ. 2023ರಲ್ಲಿ ಮಿನಮಾಟಾ ಒಪ್ಪಂದದ ದೇಶಗಳು ಫ್ಲೋರೆಸೆಂಟ್ ದೀಪಗಳ ತಯಾರಿಕೆಯನ್ನೇ 2027ರೊಳಗೆ ಕೊನೆಗಾಣಿಸಲು ಒಪ್ಪಿದ್ದು ಇದೇ ಕಾರಣಕ್ಕೆ.

ನೀಲಿಯಿಂದ ಬಿಳಿ

ಎಲ್‌ಇಡಿ ಕತೆ ಹಲವರಿಗೆ ಗೊತ್ತಿರುತ್ತೆ, ಬೇಗ ಹೇಳಿಬಿಡ್ತೀನಿ. 1962ರಲ್ಲಿ ನಿಕ್ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ ಮಾಡಿದ. ರೇಡಿಯೋದಲ್ಲಿ ಮಿಣುಕುವ ಚುಕ್ಕಿ, ಅಷ್ಟೇ. ನೀಲಿ ಬೆಳಕು ಬರದೆ ಬಿಳಿ ಬರೋ ಹಾಗಿರಲಿಲ್ಲ. ಜಪಾನಿನ ಅಕಸಾಕಿ, ಅಮಾನೋ ದಾರಿ ತೋರಿಸಿದರು. ನಿಚಿಯಾ ಅನ್ನೋ ಕಂಪನಿಯಲ್ಲಿದ್ದ ನಕಾಮುರಾ 1993ರಲ್ಲಿ ಪ್ರಕಾಶಮಾನವಾದ ನೀಲಿ ಎಲ್‌ಇಡಿ ತಂದ. 1996ರಲ್ಲಿ ಅದರ ಮೇಲೆ ಹಳದಿ ಫಾಸ್ಫರ್ ಲೇಪಿಸಿ ಬಿಳಿ ಬೆಳಕು ಬಂತು. ಮೂವರಿಗೂ 2014ರಲ್ಲಿ ನೊಬೆಲ್.

ನನಗೆ ಇದರಲ್ಲಿ ಇಷ್ಟವಾಗೋ ಭಾಗ ಬೇರೆ. ಮೊದಮೊದಲ ಬಿಳಿ ಎಲ್‌ಇಡಿ ಒಂದು ವ್ಯಾಟಿಗೆ ಕೊಡುತ್ತಿದ್ದದ್ದು ಸಿಎಫ್‌ಎಲ್‌ಗಿಂತ ಎಷ್ಟೋ ಕಮ್ಮಿ ಬೆಳಕು. ಲೆಕ್ಕದ ಪ್ರಕಾರ ಅದನ್ನ ಯಾರೂ ಮುಟ್ಟಬಾರದಿತ್ತು. ಆದರೆ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಪ್ರೊಫೆಸರ್ ಡೇವ್ ಇರ್ವಿನ್-ಹ್ಯಾಲಿಡೇ 1997ರಲ್ಲಿ ನೇಪಾಳದ ಬೆಟ್ಟಗಳಲ್ಲಿ ನಡೆಯುವಾಗ ಕತ್ತಲೆ ಕೋಣೆಯ ಒಂದು ಶಾಲೆ ನೋಡಿದರು. ಈ ಮಕ್ಕಳಿಗೆ ಪುಸ್ತಕದ ಮೇಲೆ ಬಿದ್ದರೆ ಸಾಕು, ಗೋಡೆಗೆಲ್ಲ ಯಾಕೆ ಬೆಳಕು ಅಂತ ಯೋಚಿಸಿದರು. ಕೆಲವೇ ಎಲ್‌ಇಡಿಗಳನ್ನ ಜೋಡಿಸಿದ ಪುಟಾಣಿ ದೀಪಗಳಿಂದ 2000ದಲ್ಲಿ ನೇಪಾಳದ ಕೆಲವು ಹಳ್ಳಿಗಳನ್ನ ಬೆಳಗಿಸಿದರು. ಬಲ್ಬು, ಟ್ಯೂಬು ನಾಲ್ಕೂ ದಿಕ್ಕಿಗೆ ಬೆಳಕು ಚೆಲ್ಲುತ್ತವೆ, ಎಲ್‌ಇಡಿ ಮುಖ ಮಾಡಿದ ಕಡೆಗೆ ಮಾತ್ರ ಕೊಡುತ್ತೆ. ಎಷ್ಟು ಬೆಳಕು ಅನ್ನೋದರಷ್ಟೇ ಎಲ್ಲಿ ಬೆಳಕು ಅನ್ನೋದೂ ಮುಖ್ಯ - ಈ ಪಾಠ ಶೆಡ್ಡಿಗೂ ಅಷ್ಟೇ ಸತ್ಯ.

ಆಮೇಲೆ ಎಲ್‌ಇಡಿ ಓಡಿದ ಓಟ ಬೇರೆ ಯಾವ ದೀಪವೂ ಓಡಿರಲಿಲ್ಲ. ಈಗ ಸಾಧಾರಣ ಬಲ್ಬೇ ಒಂದು ವ್ಯಾಟಿಗೆ 100 ಲ್ಯೂಮೆನ್ ಕೊಡುತ್ತೆ. ಬೆಲೆಯೂ ಹಾಗೇ ಇಳೀತು. 2014ರಲ್ಲಿ ಸರ್ಕಾರಿ ಸಂಸ್ಥೆ ಇಇಎಸ್‌ಎಲ್ ಒಂದು ಎಲ್‌ಇಡಿ ಬಲ್ಬನ್ನ ಸಗಟಾಗಿ ಕೊಂಡದ್ದು 310 ರೂಪಾಯಿಗೆ. 2015ರಲ್ಲಿ ಶುರುವಾದ ಉಜಾಲಾ ಯೋಜನೆಯ ದೊಡ್ಡ ಖರೀದಿಯಿಂದ ಎರಡು-ಮೂರು ವರ್ಷದೊಳಗೆ ಅದು 40 ರೂಪಾಯಿಗಿಂತ ಕೆಳಗೆ ಬಂತು.

ನನ್ನ ಶೆಡ್ಡಿನ ಲೆಕ್ಕ

ಮೇಲಿನದೇ 400 ಲ್ಯೂಮೆನ್, ನಾಲ್ಕು ಗಂಟೆ. ದಿನಕ್ಕೆ ನಾಲ್ಕು ಗಂಟೆಯಷ್ಟು ಒಳ್ಳೆ ಬಿಸಿಲು, ಮೂರರಲ್ಲೊಂದು ಪಾಲು ದಾರೀಲಿ ನಷ್ಟ, ಮೂರು ದಿನ ಮೋಡವಾದರೂ ದೀಪ ಉರಿಯಬೇಕು, ಲೆಡ್ ಆಸಿಡ್ ಬ್ಯಾಟರಿಯನ್ನ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಆಗ,

ಹಳೇ ಬಲ್ಬು: 33 ವ್ಯಾಟ್ ದೀಪ, 50 ವ್ಯಾಟ್ ಪ್ಯಾನೆಲ್, 12 ವೋಲ್ಟಿನ 66 ಆಂಪಿಯರ್-ಅವರ್ ಬ್ಯಾಟರಿ.
ಸಿಎಫ್‌ಎಲ್: 8 ವ್ಯಾಟ್ ದೀಪ, 12 ವ್ಯಾಟ್ ಪ್ಯಾನೆಲ್, 16 ಆಂಪಿಯರ್-ಅವರ್ ಬ್ಯಾಟರಿ.
ಎಲ್‌ಇಡಿ: 4 ವ್ಯಾಟ್ ದೀಪ, 6 ವ್ಯಾಟ್ ಪ್ಯಾನೆಲ್, 8 ಆಂಪಿಯರ್-ಅವರ್ ಬ್ಯಾಟರಿ.

ಮೊದಲನೆಯದಕ್ಕೆ ಇಬ್ಬರು ಹೊರುವ ಬ್ಯಾಟರಿ ಬೇಕು. ಕೊನೆಯದಕ್ಕೆ ಒಂದೇ ಕೈಲಿ ಎತ್ತುವ ಬ್ಯಾಟರಿ ಸಾಕು. ನಮ್ಮ ಮಲೆನಾಡಿನ ಆಷಾಢದಲ್ಲಿ ನಾಲ್ಕು ಗಂಟೆ ಬಿಸಿಲು ಅನ್ನೋದು ಕನಸು, ಹಾಗಾಗಿ ನಾನು ಪ್ಯಾನೆಲ್ ಎರಡರಷ್ಟು ಮಾಡಿ 12 ವ್ಯಾಟಿನದು ಹಾಕಿದೆ. ಹಳೇ ಬಲ್ಬಾಗಿದ್ದರೆ ಎರಡರಷ್ಟು ಅಂದ್ರೆ 100 ವ್ಯಾಟ್ ಆಗುತ್ತಿತ್ತು. ದೀಪ ಮಿತವಾದರೆ ಧಾರಾಳವಾಗಿರೋದೂ ಸುಲಭ.

ನಾಲ್ಕು ವ್ಯಾಟಿನ ಒಂದು ದೀಪದ ಬದಲು ಎರಡು ವ್ಯಾಟಿನ ಎರಡು ಹಾಕಿದೆ. ಒಂದು ದನ ಕಟ್ಟೋ ಕಡೆ, ಇನ್ನೊಂದು ಸಾಮಾನು ಇಡೋ ಮೂಲೆಗೆ. ಬೇರೆ ಬೇರೆ ಸ್ವಿಚ್ಚು, ಬೇಕಾದ್ದು ಮಾತ್ರ ಉರಿಯುತ್ತೆ. ನೇರ 12 ವೋಲ್ಟ್ ಡಿಸಿ ಬಲ್ಬೇ ತಗೊಂಡೆ. ಮನೆಯ ಏಸಿ ಎಲ್‌ಇಡಿ ಅಗ್ಗ ನಿಜ, ಆದರೆ ಅದಕ್ಕೆ ಇನ್ವರ್ಟರ್ ಬೇಕು. ಸಣ್ಣ ಇನ್ವರ್ಟರ್ ಸುಮ್ಮನೆ ಆನ್ ಆಗಿರೋದಕ್ಕೇ ದೀಪಕ್ಕಿಂತ ಹೆಚ್ಚು ಕರೆಂಟು ತಿನ್ನಬಹುದು!

ವೈರಿನ ವಿಷಯದಲ್ಲೂ ಇದೇ ನ್ಯಾಯ. ಬ್ಯಾಟರಿಯಿಂದ ದೀಪಕ್ಕೆ 20 ಮೀಟರ್ ದೂರ, ಒಂದು ಚದರ ಮಿಲಿಮೀಟರಿನ ತಾಮ್ರದ ವೈರು ಅಂದ್ಕೊಳ್ಳಿ. 33 ವ್ಯಾಟ್ ಬಲ್ಬಿಗೆ ದಾರಿಯಲ್ಲೇ ಎರಡು ವೋಲ್ಟಿನಷ್ಟು ಸೋರಿಹೋಗುತ್ತೆ, ದೀಪ ಮಂಕು. 4 ವ್ಯಾಟಿಗಾದರೆ ಕಾಲು ವೋಲ್ಟೂ ಹೋಗಲ್ಲ. ಇನ್ನು ಕೊಟ್ಟಿಗೆಯಲ್ಲಿ ಗಂಜಲದ ಆವಿ, ತೇವ, ಜೇಡರ ಬಲೆ. ಮುಚ್ಚಿದ ಕವರಿನ ದೀಪವೇ ಆಗಬೇಕು. ಬಣ್ಣ ಹಳದಿ ಕಡೆಗಿದ್ದರೆ ಒಳ್ಳೇದು, ನೀಲಿ ಮಿಶ್ರಿತ ಬಿಳಿಗೆ ಮಳೆಹುಳ ಹೆಚ್ಚು ಮುತ್ತುತ್ತವೆ.

ಅಂಗಡಿಗೆ ಹೋದಾಗ ಈಗಲೂ "ಸಾರ್, ಇದು ಅರವತ್ತು ಕ್ಯಾಂಡಲ್‌ಗೆ ಸಮ" ಅಂತಲೇ ಶುರು ಮಾಡ್ತಾರೆ. ಅದನ್ನ ಕೇಳಿಸಿಕೊಳ್ಳಿ, ತಪ್ಪೇನಿಲ್ಲ. ಆಮೇಲೆ ಡಬ್ಬಿ ತಿರುಗಿಸಿ ಎರಡು ಅಂಕಿ ಹುಡುಕಿ, ಒಂದು ಲ್ಯೂಮೆನ್, ಇನ್ನೊಂದು ವ್ಯಾಟ್. ಮೊದಲನೆಯದನ್ನ ಎರಡನೆಯದರಿಂದ ಭಾಗಿಸಿ. ನೂರರ ಹತ್ತಿರ ಬಂದರೆ ತಗೊಳ್ಳಿ. ಲ್ಯೂಮೆನ್ ಅಂಕಿಯೇ ಇಲ್ಲದ ಡಬ್ಬಿಯಾದರೆ ಎಷ್ಟೇ ಅಗ್ಗವಿದ್ದರೂ ವಾಪಸ್ ಕೊಡಿ, ಅದರ ಬೆಲೆಯನ್ನ ಆಮೇಲೆ ಪ್ಯಾನೆಲ್ಲಿಗೂ ಬ್ಯಾಟರಿಗೂ ತೆರಬೇಕಾಗುತ್ತೆ.